ಕಳೆಯೂ ಬೆಳೆಯೂ: ಅತ್ತಿವೇರಿ ಸೀಮೆಯ ಹೊಲದ ಚರಿತ್ರೆ

ಅರಸರ ಚರಿತ್ರೆಯನ್ನು ಶಾಸನಗಳು ಹೇಳುವುವು. ಹೊಲದ ಚರಿತ್ರೆಯನ್ನು ಹೇಳುವವರು ವಿರಳ. ಬೆಳೆಯನ್ನು ಕುರಿತಾದರೂ ಒಂದೆರಡು ಮಾತುಗಳು ದೊರೆತಾವು. ಕಿತ್ತು ಬದುವಿನ ಮೇಲೆ ಎಸೆದ ಕಳೆಗೂ ಒಂದು ಚರಿತ್ರೆಯುಂಟೆಂದು ನೆನೆಯುವವರು ಇನ್ನೂ ವಿರಳ. ಆದರೂ ನಮ್ಮ ಜಿಲ್ಲೆಯ ಮೂಡಣ ಅಂಚಿನ ಹೊಲಗಳನ್ನು ನಿಂತು ನೋಡಿದವರಿಗೆ, ಕಳೆಯ ಕಥೆಯನ್ನು ಬಿಟ್ಟು ಬೆಳೆಯ ಕಥೆಯನ್ನು ಹೇಳಲಾಗದೆಂಬುದು ತೋರದಿರದು.

ಮುಂಡಗೋಡ ತಾಲೂಕಿನ ಅತ್ತಿವೇರಿಯನ್ನು ಇಂದು ಜನರು ಅರಿತಿರುವುದು ಅಲ್ಲಿಯ ಜಲಾಶಯದಿಂದ, ಅದರ ಪಕ್ಷಿಧಾಮದಿಂದ. ಪಡುವಲಿಗೆ ಸಹ್ಯಾದ್ರಿಯ ಕಾಡು, ಮೂಡಲಿಗೆ ಬಯಲುಸೀಮೆ. ನಡುವೆ ಈ ನಾಡು. ಮಳೆಯು ಘಟ್ಟದಷ್ಟು ಹೆಚ್ಚಲ್ಲ, ಬಯಲಿನಷ್ಟು ಕಡಿಮೆಯೂ ಅಲ್ಲ. ಹಳಿಯಾಳ, ಮುಂಡಗೋಡ, ಕಲಘಟಗಿ, ಹಾನಗಲ್ಲುಗಳನ್ನೊಳಗೊಂಡ ಈ ನಡುನಾಡಿನಲ್ಲಿ ಬತ್ತದ ಬೇಸಾಯಕ್ಕೆ ಒಂದು ವಿಶೇಷ ಪದ್ಧತಿಯುಂಟು. ಸಸಿಮಡಿ ಮಾಡಿ ನಾಟಿ ಹಾಕುವುದಕ್ಕೆ ಬದಲಾಗಿ, ಮುಂಗಾರಿನ ಮೊದಲ ಹದದಲ್ಲಿಯೇ ಒಣನೆಲದಲ್ಲಿ ಕೂರಿಗೆಯಿಂದ ಬಿತ್ತುವರು; ಮಳೆ ಬಲಿತ ಮೇಲೆ ಗದ್ದೆಯಲ್ಲಿ ನೀರು ನಿಲ್ಲಿಸುವರು. ಬೆಳೆಯು ಮೊದಲು ಜೋಳದಂತೆ ಬಾಳಿ, ಆಮೇಲೆ ಬತ್ತದಂತೆ ಬಾಳುವುದು. ಧಾರವಾಡದ ಸಮೀಪದ ಮುಗದದ ಕೃಷಿ ಸಂಶೋಧನಾಕೇಂದ್ರದಲ್ಲಿ ಈ ಬಗೆಯ ಬತ್ತದ ತಳಿಗಳನ್ನು ಕುರಿತು ಬಹುಕಾಲದಿಂದ ಕೆಲಸ ನಡೆದಿದೆ. ಒಣಬೀಜದ ಬಿತ್ತನೆಯು ಕನ್ನಡನಾಡಿನಲ್ಲಿ ಹಳೆಯದು. 1800–01ರಲ್ಲಿ ಮೈಸೂರು, ಕನ್ನಡ ಮತ್ತು ಮಲಬಾರು ಸೀಮೆಗಳಲ್ಲಿ ಸಂಚರಿಸಿದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಎಂಬವನು ಒಣಬೀಜ, ಮೊಳಕೆಯ ಬೀಜ, ನಾಟಿ ಎಂಬ ಮೂರು ಕ್ರಮಗಳನ್ನೂ ಮೈಸೂರಿನ ಕಡೆ ಕಂಡು 1807ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವಿವರಿಸಿರುವನು.

ಕಳೆಯ ಕಥೆ ಮೊದಲಾಗುವುದು ಇಲ್ಲಿಯೇ. ನಾಟಿಯ ಗದ್ದೆಯಲ್ಲಿ ಸಸಿಯು ಕಳೆಗಿಂತ ಮುಂದಾಗಿಯೇ ಬೆಳೆದಿರುವುದು. ನಿಂತ ನೀರೂ ಎಷ್ಟೋ ಹುಲ್ಲುಗಳನ್ನು ಕೊಲ್ಲುವುದು. ಕೂರಿಗೆಯ ಹೊಲದಲ್ಲಾದರೋ ಬತ್ತವೂ ಕಳೆಯೂ ಒಂದೇ ಮಳೆಗೆ, ಒಂದೇ ವಾರದಲ್ಲಿ ತಲೆಯೆತ್ತುವುವು. ಆದುದರಿಂದಲೇ ಸಾಲುಬಿತ್ತನೆಯ ಬೆಲೆ ತಿಳಿಯತಕ್ಕದ್ದು. ಸಾಲಿನ ನಡುವೆ ಎಡೆಕುಂಟೆ ಹಾಯ್ದರೆ ಕರಿಕೆ, ಜೇಕುಗಳ ಬಲವು ಕುಗ್ಗುವುದು. ಆದರೆ ಸಾಲಿನೊಳಗೇ ಹುಟ್ಟಿದ ಕಳೆಯನ್ನು ಕುಂಟೆ ಮುಟ್ಟಲಾರದು. ಅದಕ್ಕೆ ಹೆಣ್ಣುಮಕ್ಕಳ ಕಣ್ಣೂ ಕೈಯೂ ಬೇಕು.

ಆ ಕಣ್ಣಿಗೂ ಮೋಸಮಾಡುವ ಕಳೆಯೊಂದುಂಟು, ಅದು ಕಾಡುಬತ್ತ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯು ಇದರ ವಿಷಯದಲ್ಲಿ ಸೋಲುವುದು. ಮೊಳಕೆಯಲ್ಲಿಯೂ ಎಲೆಯಲ್ಲಿಯೂ ಅದು ಬತ್ತವೇ. ತೆನೆ ಹೊರಟ ಮೇಲೆ ಉದ್ದನೆಯ ಮುಳ್ಳುಗಳಿಂದ ಗುರುತು ಸಿಕ್ಕೀತು. ಅಷ್ಟರಲ್ಲಿ ಗೊಬ್ಬರವನ್ನೂ ನೀರನ್ನೂ ತಿಂದು ಮುಗಿಸಿರುವುದು. ಕೊಯಿಲಿಗೆ ಮುಂಚೆಯೇ ಕಾಳುಗಳು ಉದುರಿ ಮಣ್ಣಿನಲ್ಲಿ ಅಡಗಿ, ಮುಂದಿನ ವರ್ಷಗಳಲ್ಲಿ ಮೊಳೆಯುವುವು. ಈ ತೊಂದರೆಯು ನಮ್ಮ ಸೀಮೆಗೆ ಮಾತ್ರ ಬಂದುದಲ್ಲ. ಅಂದಿನ ಮಧ್ಯಪ್ರಾಂತ್ಯದ ರಾಯಪುರದಲ್ಲಿ ಇದಕ್ಕೆ ‘ಕರ್ಗಾ’ ಎಂದು ಹೆಸರು. ಅಲ್ಲಿಯ ವಿಜ್ಞಾನಿಗಳು ನೇರಿಳೆ ಬಣ್ಣದ ಎಲೆಯುಳ್ಳ ಬತ್ತದ ತಳಿಗಳನ್ನು ಬೆಳೆಸಿದರು. ಹಾಗಾದರೆ ಹಸುರಾದುದೆಲ್ಲ ಕಳೆಯೆಂದು ಮೊಳಕೆಯಲ್ಲಿಯೇ ಕೀಳಬಹುದಷ್ಟೆ. ಈ ಉಪಾಯವನ್ನು ಕುರಿತು ದವೆ ಎಂಬವರ ಲೇಖನವು 1943ರಲ್ಲಿ ಪ್ರಕಟವಾಯಿತು. ಆದರೆ ಕಾಡುಬತ್ತವೂ ನಾಡಬತ್ತವೂ ಒಂದೇ ಕುಲದವು. ಗಾಳಿಯಲ್ಲಿ ಪರಾಗ ಬೆರೆತು, ಕಾಲಾಂತರದಲ್ಲಿ ಕಾಡುಬತ್ತಕ್ಕೂ ನೇರಿಳೆ ಬಣ್ಣವೇರಿತು. ಹಸುರನ್ನು ಕಿತ್ತ ಕೈಯೇ ನೇರಿಳೆಯ ಕಳೆಯನ್ನು ಕಾಪಾಡಿದಂತಾಯಿತು!

ಇದರಿಂದ ನಾವು ಅರಿಯಬೇಕಾದುದೇನು? ಕಳೆಯು ಹೊಲಕ್ಕೆ ಹೊರಗಿನಿಂದ ನುಗ್ಗಿದ ಕಳ್ಳನೆಂದೇ ನಾವು ಭಾವಿಸುವೆವು. ನಿಜವಾಗಿ ಅನೇಕ ಕಳೆಗಳು ಬೆಳೆಯ ದಾಯಾದಿಗಳು. ನಮ್ಮ ಕೈಯೇ ತಿದ್ದಿ ಬೆಳೆಸಿದವುಗಳು. ದಾಯಾದಿಯು ಒಂದೊಂದು ವೇಳೆ ಪಟ್ಟಕ್ಕೂ ಏರುವನು. ರೈ ಎಂಬ ಧಾನ್ಯವು ಮೊದಲು ಗೋದಿಯ ಹೊಲದ ಕಳೆಯಾಗಿದ್ದು, ಚಳಿ ಹೆಚ್ಚಿ ಗೋದಿಯು ಸೋತ ನಾಡುಗಳಲ್ಲಿ ತಾನೇ ಬೆಳೆಯಾಯಿತೆಂದು ರಷ್ಯದ ವಾವಿಲೋವ್ 1917ರಲ್ಲಿ ವಾದಿಸಿದನು.

ನಮ್ಮ ಮಣ್ಣಿನಲ್ಲಿಯೂ ಇದಕ್ಕೆ ಸಾಕ್ಷಿ ಉಂಟು. ಅತ್ತಿವೇರಿಯಿಂದ ಆಗ್ನೇಯಕ್ಕೆ, ಹಾವೇರಿ ಜಿಲ್ಲೆಯ ತುಂಗಭದ್ರೆಯ ದಡದಲ್ಲಿ ಹಳ್ಳೂರೆಂಬ ಊರಿದೆ. 1965ರಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ಅಲ್ಲಿ ಉತ್ಖನನ ನಡೆಸಿ ನವಶಿಲಾಯುಗದ ವಸತಿಯನ್ನು ಹೊರಗೆಡಹಿದರು. ಆಮೇಲೆ ಧಾರವಾಡದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್ ಮೊದಲಾದವರು ಹಳ್ಳೂರು, ಸಂಗನಕಲ್ಲು ಮುಂತಾದ ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ ಕರಿಕಾದ ಕಾಳುಗಳನ್ನು ಆಯ್ದರು. 2004ರಲ್ಲಿ ಪ್ರಕಟವಾದ ಅವರ ನಿರ್ಣಯದಂತೆ, ಆ ಪುರಾತನರ ಮುಖ್ಯ ಆಹಾರವು ಹುರುಳಿ, ಹೆಸರು, ಕೊರಲೆ ಮತ್ತು ನವಣೆಯ ಕುಲದ ಒಂದು ಹುಲ್ಲಿನ ಕಾಳು. ಆ ಹುಲ್ಲು ಯಾವುದು? ಇಂದು ಬದುಗಳಲ್ಲಿ ಹುಟ್ಟಿ, ತೆನೆಯಿಂದ ದಾರಿಗರ ಬಟ್ಟೆಗೆ ಅಂಟಿಕೊಳ್ಳುವ ಕ್ಷುದ್ರ ಕಳೆಯೇ ಅದು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಈ ನಾಡಿನ ತಾಯಂದಿರು ಅದನ್ನೇ ಬೀಸಿ ಮಕ್ಕಳಿಗೆ ಉಣಿಸಿದ್ದರು! ಕೊರಲೆಯಾದರೋ ತುಮಕೂರು, ಚಿತ್ರದುರ್ಗಗಳ ಕಡೆ ಕೆಲವು ಹೊಲಗಳಲ್ಲಿ ಉಳಿದುಕೊಂಡು ಬಂದು, 2023ನೆಯ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದಲ್ಲಿ ನಗರದ ಅಂಗಡಿಗಳಲ್ಲಿ ಮಾನ್ಯತೆ ಪಡೆಯಿತು.

ಎಲ್ಲ ಕಳೆಗಳೂ ದಾಯಾದಿಗಳಲ್ಲವೆಂಬುದನ್ನೂ ಹೇಳತಕ್ಕದ್ದು. ಲಂಟಾನಾ ಗಿಡವು 1809ರಲ್ಲಿ ಕಲಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಗಿಡವಾಗಿ ಬಂದು ಕಾಡನ್ನೆಲ್ಲ ವ್ಯಾಪಿಸಿತು. ಜನರು ಕಾಂಗ್ರೆಸ್ ಗಿಡವೆನ್ನುವ ಪಾರ್ಥೇನಿಯಂ 1955ರ ಸುಮಾರಿಗೆ ಪುಣೆಯಲ್ಲಿ ಕಾಣಿಸಿಕೊಂಡು ದೇಶಕ್ಕೆಲ್ಲ ಹರಡಿತು. ಅದನ್ನು ತಿನ್ನುವ ಮೆಕ್ಸಿಕೋ ದೇಶದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಬೇಕಾಯಿತು. ಇವು ಪರಕೀಯರು, ದನವೂ ಒಲ್ಲದ ಗಿಡಗಳು. ಇವುಗಳನ್ನು ಹುಲ್ಲುಗಾವಲಿನಿಂದ ಕಳೆಯದೆ ಗತಿಯಿಲ್ಲ. ಆದರೆ ಪರಕೀಯನಿಗೂ ದಾಯಾದಿಗೂ ಒಂದೇ ದಂಡವನ್ನು ವಿಧಿಸುವುದು ವಿವೇಕವಲ್ಲ.

ಏಕೆಂದರೆ ದಾಯಾದಿಯಿಂದ ಕುಲಕ್ಕೆ ರಕ್ಷಣೆಯೂ ಉಂಟು. ಏಷ್ಯದ ಬತ್ತಕ್ಕೆ ಕುಳ್ಳುರೋಗವು ತಗಲಿದಾಗ ಫಿಲಿಪೈನ್ಸ್ ದೇಶದ ಅಂತರರಾಷ್ಟ್ರೀಯ ಬತ್ತದ ಸಂಶೋಧನಾಲಯದವರು ಸಾವಿರಾರು ಮಾದರಿಗಳನ್ನು ಪರೀಕ್ಷಿಸಿದರು. ಆ ರೋಗವನ್ನು ತಡೆಯುವ ಗುಣವು ದೊರೆತದ್ದು ಉತ್ತರಪ್ರದೇಶದಿಂದ ಸಂಗ್ರಹಿಸಿದ್ದ ಒಂದು ಕಾಡುಬತ್ತದಲ್ಲಿ. 1976ರಲ್ಲಿ ಹೊರಬಂದು ಲಕ್ಷಾಂತರ ಎಕರೆಗಳಲ್ಲಿ ಬೆಳೆದ ಐ.ಆರ್. 36 ಎಂಬ ತಳಿಯ ಮೈಯಲ್ಲಿ ಹರಿದದ್ದು ಆ ಕಳೆಯ ರಕ್ತವೇ.

ಈಗ ಅತ್ತಿವೇರಿಯ ಸುತ್ತಿನ ಸೀಮೆಯಲ್ಲಿ ಕೂರಿಗೆಯ ಬತ್ತದ ನೆಲವನ್ನು ಗೋವಿನಜೋಳವು ಆಕ್ರಮಿಸುತ್ತ ಬಂದಿದೆ. ಕಳೆ ತೆಗೆಯುವ ಕೈಗಳು ದುಬಾರಿಯಾಗಿ ಕಳೆನಾಶಕ ಔಷಧದ ಸಿಂಪಡಿಕೆಯು ಬಂದಿದೆ. ಬಿಸಿಲಿನಲ್ಲಿ ಬೆನ್ನು ಬಗ್ಗಿಸಿ ದುಡಿದ ಹೆಣ್ಣುಮಕ್ಕಳಿಗೆ ಆ ದುಡಿಮೆ ತಪ್ಪಿದರೆ ಸಂತೋಷವೇ. ಆ ಕಷ್ಟವನ್ನು ಹೊಗಳುವ ಅಧಿಕಾರವು ನೆರಳಿನಲ್ಲಿ ಕುಳಿತು ಬರೆಯುವವರಿಗಿಲ್ಲ. ಆದರೆ ಅವರ ಕಣ್ಣಿನಲ್ಲಿದ್ದ ವಿದ್ಯೆಯನ್ನು, ಅಂದರೆ ಯಾವುದು ದನಕ್ಕೆ ಮೇವು, ಯಾವುದು ಪಲ್ಯಕ್ಕೆ ಸೊಪ್ಪು, ಯಾವುದು ಬೆಳೆಗೆ ಹಗೆ ಎಂಬ ವಿವೇಕವನ್ನು, ಔಷಧದ ಡಬ್ಬಿಯು ಅರಿಯದು. ಆ ವಿದ್ಯೆಯು ಇನ್ನೂ ಹಿರಿಯರಲ್ಲಿ ಉಳಿದಿರುವಾಗಲೇ ಕೇಳಿ ಬರೆದಿಡುವುದೂ, ಬದುವಿನ ಹುಲ್ಲುಗಳಿಗೆ ಒಂದಿಷ್ಟು ಎಡೆ ಬಿಡುವುದೂ ನಮ್ಮ ಕರ್ತವ್ಯ. ನಾಳಿನವರ ಬೆಳೆಯು ಇಂದಿನ ಯಾವ ಕಳೆಯೋ ಯಾರು ಬಲ್ಲರು?