ಹಲ್ಲಿನ ಕಲೆಯಲ್ಲಿ ನೀರಿನ ಚರಿತ್ರೆ



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಕಂದು ಕಲೆಯ ಹಲ್ಲುಗಳನ್ನು ನೀವು ಕಂಡಿರಬಹುದು. ನಿಮ್ಮ ಹಲ್ಲುಗಳೇ ಹಾಗಿರಬಹುದು. ‘ಸರಿಯಾಗಿ ಹಲ್ಲುಜ್ಜುವುದಿಲ್ಲ’ ಎಂಬ ಮಾತನ್ನೂ ಕೇಳಿರಬಹುದು. ಆದರೆ ಈ ಕಲೆಗಳಲ್ಲಿ ಬಹಳಷ್ಟು ಬಾಲ್ಯದಲ್ಲಿ ಕುಡಿದ ನೀರಿನಿಂದ ಬಂದವು, ಉಜ್ಜಿದರೆ ಹೋಗುವುದಿಲ್ಲ. ಹಾಗಾದರೆ ಅವನ್ನು ಕೀಳಿಸಿ, ದವಡೆಯಲ್ಲಿ ಕೂರಿಸುವ ಕೃತಕ ಹಲ್ಲನ್ನು, ಅಂದರೆ ಇಂಪ್ಲಾಂಟನ್ನು ಹಾಕಿಸಬಹುದೇ? ಇದಕ್ಕೆ ಉತ್ತರ ಹೇಳಲು ಎರಡು ಚರಿತ್ರೆಗಳನ್ನು ತಿಳಿಯಬೇಕು.

ಮೊದಲನೆಯದು ಕಲೆಯ ಚರಿತ್ರೆ. 1901ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ ಅವರು ಅಲ್ಲಿ ಬೆಳೆದವರ ಹಲ್ಲುಗಳಲ್ಲಿ ಕಂದು ಕಲೆಗಳನ್ನು ಕಂಡರು. ಆದರೆ ಆ ಹಲ್ಲುಗಳು ಸುಲಭವಾಗಿ ಹುಳುಕಾಗುತ್ತಿರಲಿಲ್ಲ! ಕಾರಣ ನೀರಿನಲ್ಲಿರುವ ಫ್ಲೋರೈಡ್ ಎಂಬುದನ್ನು 1931ರಲ್ಲಿ ರಸಾಯನಜ್ಞ ಎಚ್. ವಿ. ಚರ್ಚಿಲ್ ಪತ್ತೆ ಮಾಡಿದರು. ಅದು ಅತಿಯಾದರೆ ಮೂಳೆಗಳನ್ನೂ ಬಾಧಿಸುತ್ತದೆ ಎಂಬ ವರದಿ 1937ರಲ್ಲಿ ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಬಂತು.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹಿರಿಯರು ಕೆರೆಗಳನ್ನು ಕಟ್ಟಿ, ಬಾವಿಗಳನ್ನು ತೋಡಿ ಬದುಕಿದರು. ಮುಂದೆ ಕೆರೆಗಳು ಬತ್ತಿ, ಜನ ಆಳದ ಕೊಳವೆಬಾವಿಗಳನ್ನು ನೆಚ್ಚಬೇಕಾಯಿತು. ಗ್ರಾನೈಟ್ ಶಿಲೆಗಳ ಸಂದಿಯಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಮಿತಿ. ಸುಮಾರು 8 ವರ್ಷದೊಳಗೆ, ಹಲ್ಲಿನ ಎನಾಮಲ್ ರೂಪುಗೊಳ್ಳುವಾಗ, ಇಂಥ ನೀರು ಕುಡಿದವರಿಗೆ ಕಲೆ ಉಳಿಯುತ್ತದೆ.

ಎರಡನೆಯದು ಇಂಪ್ಲಾಂಟಿನ ಚರಿತ್ರೆ. 1950ರ ದಶಕದಲ್ಲಿ ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂ ಉಪಕರಣವೊಂದನ್ನು ಇಟ್ಟಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಹೋದರೆ ಅದು ಮೂಳೆಗೆ ಬೆಸೆದುಕೊಂಡಿತ್ತು. ಇದೇ ತತ್ತ್ವದ ಮೇಲೆ 1965ರಲ್ಲಿ ಅವರು ಮೊದಲ ಬಾರಿಗೆ ರೋಗಿಯೊಬ್ಬರ ದವಡೆಗೆ ಟೈಟಾನಿಯಂ ತಿರುಪುಗಳನ್ನು ಕೂರಿಸಿದರು.

ತಿರುಪು ನಿಲ್ಲುವುದು ಮೂಳೆಯ ಬಲದಿಂದ. ಆದ್ದರಿಂದ ಕೆಲಸ ಆರಂಭವಾಗುವುದು ಪ್ರಶ್ನೆಗಳಿಂದ. ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಬೀಡಿ, ತಂಬಾಕಿನ ಅಭ್ಯಾಸವಿದೆಯೇ? ಒಸಡು ಆರೋಗ್ಯವಾಗಿದೆಯೇ? ಬಳಿಕ ಎಕ್ಸ್-ರೇ ಅಥವಾ ಸ್ಕ್ಯಾನ್ ಮೂಲಕ ಮೂಳೆಯ ಎತ್ತರ, ಅಗಲ, ಕೆಳದವಡೆಯ ನರಕ್ಕಿರುವ ದೂರ ಅಳೆಯುತ್ತಾರೆ. ಮೂಳೆ ಬೆಸೆಯಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ದವಡೆಯ ಬೆಳವಣಿಗೆ ಮುಗಿಯದ ಮಕ್ಕಳಿಗೆ ಸಾಮಾನ್ಯವಾಗಿ ಇದನ್ನು ಹಾಕುವುದಿಲ್ಲ. ಫ್ಲೋರೈಡ್ ಮೂಳೆಯವರೆಗೂ ಇಳಿದಿದ್ದರೆ, ಮೂಳೆ ಗಟ್ಟಿಯಾಗಿ ಕಂಡರೂ ಪೆಡಸಾಗಿರಬಹುದು; ಅಲ್ಲಿ ಹೆಚ್ಚಿನ ಎಚ್ಚರ ಬೇಕು. ಆದ್ದರಿಂದ ಈ ಸೀಮೆಯಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ‘ಚಿಕ್ಕಂದಿನಿಂದ ಯಾವ ನೀರು ಕುಡಿದಿರಿ?’

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇಂಪ್ಲಾಂಟ್ ಇರುವುದು ಹಲ್ಲು ಕಳೆದುಕೊಂಡವರಿಗೆ. ಕಲೆಯಾದ ಹಲ್ಲು ಕಳೆದುಹೋದ ಹಲ್ಲಲ್ಲ. ಕಲೆ ತೆಳುವಾಗಿದ್ದರೆ ವೈದ್ಯರು ಮೇಲ್ಪದರವನ್ನು ನಯಗೊಳಿಸಬಹುದು. ಹೆಚ್ಚಾಗಿದ್ದರೆ ಹಲ್ಲಿನ ಬಣ್ಣದ ಲೇಪ ಅಥವಾ ಕವಚ ಹಾಕಬಹುದು. ಬೇರು ಗಟ್ಟಿಯಾಗಿರುವ ಹಲ್ಲನ್ನು ಬರಿಯ ಬಣ್ಣಕ್ಕಾಗಿ ಕೀಳಿಸುವುದು ಸಲ್ಲದು.

ಇನ್ನೊಂದು ಮಾತು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ನಿಮ್ಮೂರಿನ ಕುಡಿಯುವ ನೀರಿನ ಪರೀಕ್ಷೆ ಆಗಿದೆಯೇ ಎಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ನಿಮ್ಮ ಹಲ್ಲಿನ ಕಲೆ ಈಗ ಮೂಡಿದ್ದಾಗಿರಬಹುದು. ನಿಮ್ಮ ಮನೆಯ ಪುಟ್ಟ ತಮ್ಮ ತಂಗಿಯರ ಹಲ್ಲುಗಳು ಇನ್ನೂ ರೂಪುಗೊಳ್ಳುತ್ತಿವೆ.