ಪ್ರೌಢಶಾಲಾ ಅಧ್ಯಾಪಕರ ವೃತ್ತಿಧರ್ಮ

ರೋಣವು ಪೂರ್ವದಲ್ಲಿ ದ್ರೋಣಪುರವಾಗಿದ್ದಿತೆಂಬ ಪ್ರತೀತಿಯುಂಟು. ಅದರ ಸತ್ಯಾಸತ್ಯತೆ ಏನೇ ಇರಲಿ, ದ್ರೋಣನ ಹೆಸರು ಅಧ್ಯಾಪಕವೃತ್ತಿಯ ಮೂಲಪ್ರಶ್ನೆಯೊಂದನ್ನು ನೆನಪಿಗೆ ತರುತ್ತದೆ. ತಾನು ಕಲಿಸದ ಏಕಲವ್ಯನಿಂದ ಆತನು ಹೆಬ್ಬೆರಳನ್ನೇ ದಕ್ಷಿಣೆಯಾಗಿ ಪಡೆದನು. ಗುರುವಾದವನು ಶಿಷ್ಯನಿಂದ ಏನನ್ನು ಪಡೆಯಬಹುದು? ಏನನ್ನು ಪಡೆಯಲಾಗದು? ನಮ್ಮ ಪ್ರೌಢಶಾಲೆಗಳ ಇತಿಹಾಸದಲ್ಲಿಯೂ ಈ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತಿದೆ.

ರೋಣ, ನರಗುಂದ, ಗಜೇಂದ್ರಗಡಗಳು 1956ರವರೆಗೆ ಮುಂಬಯಿ ಆಡಳಿತಕ್ಕೂ 1997ರವರೆಗೆ ಧಾರವಾಡ ಜಿಲ್ಲೆಗೂ ಸೇರಿದ್ದವು. ಆದುದರಿಂದ ಈ ಭಾಗದ ಶಿಕ್ಷಣಪರಂಪರೆಯನ್ನು ಅರಿಯಲು ಮೊದಲು ಪುಣೆಯತ್ತ ನೋಡಬೇಕಾಗುತ್ತದೆ. 1884ರಲ್ಲಿ ಅಲ್ಲಿ ಸ್ಥಾಪಿತವಾದ ಡೆಕ್ಕನ್ ಎಜ್ಯುಕೇಶನ್ ಸೊಸೈಟಿಯ ಆಜೀವ ಸದಸ್ಯರು ಅಲ್ಪವೇತನದಲ್ಲಿ ಸೇವೆ ಸಲ್ಲಿಸುವ ಸಂಕಲ್ಪ ತೊಟ್ಟಿದ್ದರು. ಅಂಥವರು ಹೊರಗಿನ ಕಾರ್ಯಗಳಲ್ಲಿ ತೊಡಗಿ ಗಳಿಸಬಹುದೇ ಎಂಬ ವಿವಾದ ಬೆಳೆಯಿತು. ಸಲ್ಲದೆಂದು ವಾದಿಸಿದ ಬಾಲಗಂಗಾಧರ ತಿಲಕರು 1890ರಲ್ಲಿ ಸಂಸ್ಥೆಯನ್ನೇ ತೊರೆದರು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಗಿಲಗಂಚಿ-ಅರಟಾಳ ಹೈಸ್ಕೂಲಿನೊಂದಿಗೆ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸಂಸ್ಥೆ ಉದಯಿಸಿತು. ಸಪ್ತರ್ಷಿಗಳೆಂದು ಖ್ಯಾತರಾದ ಅದರ ಸ್ಥಾಪಕರಲ್ಲಿ ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ ಮುಂತಾದವರು ಅಧ್ಯಾಪನವನ್ನೇ ಜೀವನವ್ರತವನ್ನಾಗಿ ಮಾಡಿಕೊಂಡರು. ಆ ಕಟ್ಟುಪಾಡನ್ನು ಅವರು ತಮಗೆ ತಾವೇ ವಿಧಿಸಿಕೊಂಡದ್ದು ಗಮನಾರ್ಹ.

ಮುಂದೆ ಶಾಲೆಗಳು ಹಳ್ಳಿಗಳಿಗೂ ಹಬ್ಬಿದವು. ಹಾಲಕೆರೆಯ ಅನ್ನದಾನೇಶ್ವರ ಮಠದ ಆಶ್ರಯದಲ್ಲಿ ನರೇಗಲ್ಲಿನಲ್ಲಿ ಶಿಕ್ಷಣಸಂಸ್ಥೆಗಳು ಬೆಳೆದುದು ಇದಕ್ಕೊಂದು ನಿದರ್ಶನ. ಆದರೆ ಶಾಲೆಗಳು ಹೆಚ್ಚಿದಂತೆ ತ್ಯಾಗವನ್ನು ಎಲ್ಲರಿಂದಲೂ ನಿರೀಕ್ಷಿಸುವುದು ನ್ಯಾಯವಾಗಲಿಲ್ಲ. ಆಡಳಿತಮಂಡಳಿಯ ಮರ್ಜಿಗೆ ಒಳಗಾದ ಅಧ್ಯಾಪಕನಿಂದ ನಿರ್ಭೀತವಾದ ಸತ್ಯನಿಷ್ಠೆಯನ್ನು ಬಯಸುವುದೆಂತು? ವಿಚಾರಣೆಯಿಲ್ಲದೆ ಅಧ್ಯಾಪಕರನ್ನು ವಜಾ ಮಾಡುವುದನ್ನು ತಡೆದು, ಮೇಲ್ಮನವಿಗೆ ಅವಕಾಶವಿತ್ತ ಕರ್ನಾಟಕದ 1975ರ ಖಾಸಗಿ ಶಿಕ್ಷಣಸಂಸ್ಥೆಗಳ ಕಾಯಿದೆ ಈ ಕೊರತೆಯನ್ನು ತುಂಬಿತು. ವೃತ್ತಿಧರ್ಮಕ್ಕೆ ವೃತ್ತಿಭದ್ರತೆಯೇ ಆಧಾರವೆಂಬುದನ್ನು ಅದು ಒಪ್ಪಿಕೊಂಡಂತಾಯಿತು.

ಭದ್ರತೆ ದೊರೆತ ಮೇಲೆ ಅಧ್ಯಾಪಕನ ಹೊಣೆ ಇಮ್ಮಡಿಯಾಗುತ್ತದೆ. 2009ರ ಶಿಕ್ಷಣದ ಹಕ್ಕಿನ ಕಾಯಿದೆ ಅಧ್ಯಾಪಕರು ಖಾಸಗಿ ಪಾಠ ಹೇಳುವುದನ್ನು ನಿಷೇಧಿಸಿದೆ. ಆದರೆ ಅದರ ವ್ಯಾಪ್ತಿ ಎಂಟನೆಯ ತರಗತಿಗೆ ಮುಗಿಯುತ್ತದೆ. ಪರೀಕ್ಷೆಯ ಭಯ ಅತಿಯಾಗಿರುವ ಒಂಬತ್ತು ಮತ್ತು ಹತ್ತನೆಯ ತರಗತಿಗಳು ಅದರ ಹೊರಗುಳಿದಿವೆ. ಗಜೇಂದ್ರಗಡದ ನೇಕಾರನ ಮಗಳಿಗೂ ಮಳೆಯನ್ನೇ ನಂಬಿದ ರೋಣದ ಎರೆಹೊಲದ ರೈತನ ಮಗನಿಗೂ ತರಗತಿಯ ಪಾಠವೇ ಸರ್ವಸ್ವ. ತರಗತಿಯಲ್ಲಿ ಅರ್ಧ ಹೇಳಿ, ಉಳಿದರ್ಧವನ್ನು ಮನೆಯಲ್ಲಿ ಹಣಕ್ಕೆ ಹೇಳಿದರೆ ಅಂಥ ಮಕ್ಕಳ ಪಾಲಿಗೆ ಅದು ಹೆಬ್ಬೆರಳನ್ನು ಕೇಳಿದಂತೆಯೇ ಸರಿ.

ಹೇಳದೆ ಬಿಟ್ಟ ಪಾಠವನ್ನು ಯಾವ ತನಿಖಾಧಿಕಾರಿಯೂ ಕಾಣಲಾರನು. ಅದನ್ನು ಬಲ್ಲವನು ಅಧ್ಯಾಪಕನೊಬ್ಬನೇ. ಅಧ್ಯಾಪಕರ ಸಂಘಟನೆಗಳೇ ನೀತಿಸಂಹಿತೆಯನ್ನು ರೂಪಿಸಿಕೊಳ್ಳಬೇಕೆಂದು ಯುನೆಸ್ಕೋ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳ ಶಿಫಾರಸು 1966ರಲ್ಲಿ ಸೂಚಿಸಿತು. ಬೆಳಗಾವಿಯ ಅಧ್ಯಾಪಕರು ಅದಕ್ಕೆ ಐವತ್ತು ವರ್ಷ ಮೊದಲೇ ಆ ಹಾದಿಯಲ್ಲಿ ನಡೆದಿದ್ದರು. ಅವರ ಬಡತನವನ್ನು ಇಂದಿನವರು ಅನುಸರಿಸಬೇಕಾಗಿಲ್ಲ. ಅವರ ಸ್ವಯಂನಿಯಮವನ್ನು ಮಾತ್ರ ಕೈಬಿಡಲಾಗದು.