ನುಡಿ ಫೈಲಿನಿಂದ ಸ್ಕ್ರೈಬಸ್‌ವರೆಗೆ

ಮುಕ್ತ ತಂತ್ರಾಂಶದ ಮಾತು ಬಂದರೆ ಚರ್ಚೆ ಈಗ ಪೈಥಾನೋ ಗೋ ಭಾಷೆಯೋ, ಉಬುಂಟುವೋ ಫೆಡೋರಾವೋ ಎಂಬಲ್ಲೇ ಗಿರಕಿ ಹೊಡೆಯುತ್ತದೆ. ಪುಕ್ಕಟೆ ಸಿಗುವುದೇ ಅದರ ಹೆಚ್ಚುಗಾರಿಕೆ ಎಂದು ನಂಬಿದವರೂ ಕಡಿಮೆಯಿಲ್ಲ. ಸರ್ವಜ್ಞನ ಹೆಸರಿನೊಂದಿಗೆ ತಳುಕು ಹಾಕಿಕೊಂಡ ಮಾಸೂರಿನಲ್ಲೋ ಹಿರೇಕೆರೂರಿನಲ್ಲೋ ಡಿಟಿಪಿ ಕೆಲಸ ಮಾಡುವವರ ಪ್ರಶ್ನೆ ಬೇರೆ: ಹಿಂದೆಂದೋ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ತ್ರಿಪದಿ ಇವತ್ತು ಇನ್ನೊಂದು ಕಂಪ್ಯೂಟರಿನಲ್ಲಿ ತ್ರಿಪದಿಯಾಗಿಯೇ ತೆರೆದೀತೆ?

ಕನ್ನಡ ಟೈಪಿಂಗಿನ ಮೊದಲ ಘಟ್ಟದ ಕಥೆ ಗೊತ್ತಿರುವಂಥದ್ದೇ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶ, ಆಮೇಲೆ ಕನ್ನಡ ಗಣಕ ಪರಿಷತ್ತಿನ (ಕೆಜಿಪಿ) ನುಡಿ. ಉಪಕಾರ ದೊಡ್ಡದು. ಆದರೆ ಅವುಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ (ಆಸ್ಕಿ) ಮೇಲೆ ಕನ್ನಡದ ಚಿತ್ರ ಕೂರಿಸಿದ್ದವು. ಫಾಂಟ್ ಇಲ್ಲದ ಕಡೆ ಫೈಲ್ ತೆರೆದರೆ ಕಾಣುವುದು ಬರೀ ಚಿಹ್ನೆಗಳ ರಾಶಿ.

ಈ ಗಂಟು ಬಿಡಿಸಿದ್ದು ಮುಂದಿನ ಪೀಳಿಗೆಯ ಸ್ವಯಂಸೇವಕರು. ಅರವಿಂದ ವಿ.ಕೆ. ಅವರ ಗುಬ್ಬಿ, ನವಿಲು ಫಾಂಟುಗಳು ಲಿನಕ್ಸ್ ಬಳಕೆದಾರರಿಗೆ ಪರಿಚಿತ. ಅವರೇ ಪೈಥಾನ್‌ನಲ್ಲಿ ಬರೆದ ಆಸ್ಕಿ–ಯೂನಿಕೋಡ್ ಪರಿವರ್ತಕಕ್ಕೆ ಸಿಗಬೇಕಾದ ಹೆಸರು ಸಿಕ್ಕಿಲ್ಲ. ಅದೇನು ಅಕ್ಷರಕ್ಕೆ ಅಕ್ಷರ ಬದಲಿಸುವ ಕೆಲಸವಲ್ಲ. 'ಸೂರ್ಯ' ಎಂಬಲ್ಲಿನ ಅರ್ಕಾವತ್ತು ನುಡಿ ಫೈಲಿನಲ್ಲಿ ಕಣ್ಣಿಗೆ ಕಾಣುವಂತೆ 'ಯ' ಆದಮೇಲೆ ಕೂತಿರುತ್ತದೆ. ಎಲ್ಲ ಲಿಪಿಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಉಚ್ಚಾರಕ್ಕೆ ತಕ್ಕಂತೆ 'ರ್' ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಎಳೆದು ತರಬೇಕು. 2008ರಲ್ಲಿ ಬಂದ ಪೈಥಾನ್ 3 ಯೂನಿಕೋಡನ್ನೇ ಪಠ್ಯದ ಮೂಲರೂಪವಾಗಿಸಿಕೊಂಡದ್ದು ಇಂಥ ಕೆಲಸಕ್ಕೆ ಅನುಕೂಲ. ಆದರೂ 'ಕನ್ನಡ' ಪದದ ಉದ್ದ ಎಷ್ಟೆಂದು ಕೇಳಿದರೆ ಅದು ಐದು ಎನ್ನುತ್ತದೆ, ಮೂರಲ್ಲ. ಒತ್ತಕ್ಷರವನ್ನು ಬಿಡಿಬಿಡಿಯಾಗಿ ಎಣಿಸುತ್ತದೆ. ಪ್ರೋಗ್ರಾಮಿಂಗ್ ಭಾಷೆಗಳ ಜನಪ್ರಿಯತಾ ಪಟ್ಟಿಯಲ್ಲಿ ಇಂಥ ವಿವರ ಸಿಗುವುದಿಲ್ಲ.

ಪಠ್ಯ ಯೂನಿಕೋಡ್‌ಗೆ ಬಂದಮೇಲೆ ಏನಾಗಬಹುದು ಎಂಬುದಕ್ಕೆ ಓಂಶಿವಪ್ರಕಾಶ್ ಮತ್ತು ಗೆಳೆಯರ ವಚನ ಸಂಚಯವೇ ಸಾಕ್ಷಿ: ಒಂದು ಪದ ಕೊಟ್ಟರೆ ಅದು ಬರುವ ವಚನಗಳೆಲ್ಲ ಮುಂದೆ ಬಂದು ನಿಲ್ಲುತ್ತವೆ. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ 'ಅಲರ್' ಆಗಿ ಮುಕ್ತವಾಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ನಮೂದುಗಳು. ಅದರ ಹಿಂದಿನ ತಂತ್ರಾಂಶವನ್ನು ಕೈಲಾಶ್ ನಾಧ್ ಬರೆದದ್ದು ಗೋ ಭಾಷೆಯಲ್ಲಿ. ಓದುಗನಿಗೆ ಅದು ಗೊತ್ತಾಗಬೇಕಾದ ಅಗತ್ಯವೇ ಬೀಳದು.

ಮುಕ್ತ ತಂತ್ರಾಂಶವನ್ನು ಶಾಲೆಗಳಿಗೆ ತರುವ ವಿಷಯದಲ್ಲಿ ಕೇರಳ ಮುಂದೆ ಹೋಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸ್ ಮೇಲೆಯೇ ಕಂಪ್ಯೂಟರ್ ಕಲಿಯುತ್ತಾರೆ.

ಇಷ್ಟೆಲ್ಲ ಆದಮೇಲೂ ಪುಟವಿನ್ಯಾಸದ ಮೂಲೆಗೆ ಬೆಳಕು ಬಿದ್ದದ್ದು ತಡವಾಗಿ. ಡಿಟಿಪಿಯವರು ಬಳಸುವ ಪೇಜ್‌ಮೇಕರಿನ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ. ಅದರಲ್ಲಿ ಯೂನಿಕೋಡ್ ಕನ್ನಡ ನಡೆಯದು, ಹಾಗಾಗಿ ಮದುವೆ ಕಾರ್ಡು, ಕರಪತ್ರದವರು ಹಳೆಯ ನುಡಿ ಫಾಂಟನ್ನು ಬಿಟ್ಟಿಲ್ಲ. ಅವರನ್ನು ಹಿಂದುಳಿದವರೆಂದು ಬೆಂಗಳೂರಿನಲ್ಲಿ ಕೂತು ಆಡಿಕೊಳ್ಳುವುದು ಸುಲಭ. ಆದರೆ ಅದರ ಮುಕ್ತ ಬದಲಿಯಾದ ಪುಟವಿನ್ಯಾಸ ತಂತ್ರಾಂಶ ಸ್ಕ್ರೈಬಸ್‌ಗೆ ಒತ್ತಕ್ಷರ ಸರಿಯಾಗಿ ಕೂರಿಸುವ ಶಕ್ತಿ ಬಂದದ್ದು 2017ರ ಪ್ರಾಯೋಗಿಕ ಆವೃತ್ತಿಯಲ್ಲಿ. ಸ್ಥಿರ ಆವೃತ್ತಿ 1.6 ಹೊರಬಂದದ್ದು 2024ರಲ್ಲಿ. ಲಿನಕ್ಸ್‌ನ ಟೈಪಿಂಗ್ ವ್ಯವಸ್ಥೆ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆಯೂ ಇರುವುದರಿಂದ ನುಡಿಗೆ ಪಳಗಿದ ಬೆರಳು ಹೊಸದಾಗಿ ಕಲಿಯಬೇಕಾದ್ದಿಲ್ಲ. ಬೇಕಿರುವುದು ತಾಲೂಕು ಕೇಂದ್ರದಲ್ಲಿ ನಾಲ್ಕು ದಿನದ ತರಬೇತಿ, ಹಳೆಯ ಫೈಲುಗಳನ್ನು ಪರಿವರ್ತಿಸಿಕೊಡುವ ಒಂದು ಕೈ, ಆ ಪರಿವರ್ತಕಗಳನ್ನು ನೋಡಿಕೊಳ್ಳುವವರಿಗೆ ಒಂದಿಷ್ಟು ಸಂಬಳ.